ಇನ್ನೂರೊಂದು ಅಂಕಿಗಳ ಸಂಖ್ಯೆಯ ಮುಂದೆ ಪಾರಿ-ಜಿಪಿ: ಒಂದು ತಂತ್ರಾಂಶ ವಿಮರ್ಶೆ

ದೊಡ್ಡ ಪೂರ್ಣಾಂಕಗಳ ಗುಣಗಳನ್ನು ಅರಿಯಬಯಸುವವರಿಗೆ ಉಚಿತವಾಗಿ ದೊರೆಯುವ ತಂತ್ರಾಂಶಗಳ ಪೈಕಿ ಪಾರಿ-ಜಿಪಿಯನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಫ್ರಾನ್ಸಿನ ಬೋರ್ಡೊ ನಗರದಲ್ಲಿ ಹೆನ್ರಿ ಕೊಹೆನ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಆರಂಭಿಸಿದ ಈ ಕೆಲಸವನ್ನು ಅಲ್ಲಿನ ವಿಶ್ವವಿದ್ಯಾಲಯದ ಗಣಿತಜ್ಞರು ಇಂದಿಗೂ ಮುಂದುವರಿಸಿಕೊಂಡು ಬಂದಿದ್ದಾರೆ. ಇದರಲ್ಲಿ ಎರಡು ಭಾಗಗಳಿವೆ. ಪಾರಿ ಎಂಬುದು ಸಿ ಭಾಷೆಯಲ್ಲಿ ಬರೆದ ಗಣಿತದ ಸಂಗ್ರಹವಾದರೆ, ಜಿಪಿ ಎಂಬುದು ಅದರ ಮೇಲೆ ಕುಳಿತ, ನಾವು ನೇರವಾಗಿ ಪ್ರಶ್ನೆ ಕೇಳಬಹುದಾದ ಕ್ಯಾಲ್ಕುಲೇಟರು. ಪರದೆಯ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ; ಅದರ ಮುಂದೆ ಬರೆದದ್ದಕ್ಕೆ ಕೆಳಗಿನ ಸಾಲಿನಲ್ಲಿ ಉತ್ತರ ಬರುತ್ತದೆ. ಬಣ್ಣದ ಗುಂಡಿಗಳಾಗಲಿ ಚಿತ್ರಗಳಿಂದ ತುಂಬಿದ ಪುಟಗಳಾಗಲಿ ಇಲ್ಲಿಲ್ಲ, ಮತ್ತು ಈ ಕೆಲಸಕ್ಕೆ ಅವು ಬೇಕಾಗಿಯೂ ಇಲ್ಲ.

ಇಂಥ ತಂತ್ರಾಂಶವನ್ನು ಪರೀಕ್ಷಿಸಲು ಒಂದು ಒಳ್ಳೆಯ ಸಂಖ್ಯೆ ಬೇಕು. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರು 1977ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೆಯ ಮೂಲವನ್ನು 50 ಸೆಕೆಂಡುಗಳಲ್ಲಿ ಹೇಳಿದ್ದು ಕನ್ನಡಿಗರಲ್ಲಿ ಅನೇಕರಿಗೆ ಗೊತ್ತು. ಅವರು ಕೊಟ್ಟ ಉತ್ತರ 546372891. ಅದನ್ನು ತಾಳೆ ನೋಡಲು ಅಮೆರಿಕದ ಮಾನಕ ಸಂಸ್ಥೆಯ ಯೂನಿವ್ಯಾಕ್ ಕಂಪ್ಯೂಟರಿಗೆ ಪ್ರತ್ಯೇಕವಾಗಿ ಒಂದು ಪ್ರೋಗ್ರಾಮ್ ಬರೆಯಬೇಕಾಯಿತು. ಆ ಘಟನೆಯ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಮೆಚ್ಚುಗೆಯ ಮಾತು ಬಂದಿದೆ. ಆದರೆ ಆ 201 ಅಂಕಿಗಳ ಸಂಖ್ಯೆ ಎಂಥದ್ದು, ಅದರ ಒಳಗೇನಿದೆ ಎಂಬ ಬಗ್ಗೆ ಮಾತನಾಡಿದವರು ಕಡಿಮೆ. ಹಾಗಾಗಿ ಅದನ್ನೇ ಈ ವಿಮರ್ಶೆಯ ಒರೆಗಲ್ಲಾಗಿ ಆರಿಸಿಕೊಂಡಿದ್ದೇನೆ.

ಮೊದಲು ಸಾಮಾನ್ಯ ಸಾಧನಗಳ ಮಿತಿಯನ್ನು ನೋಡುವುದು ನ್ಯಾಯ. ಕಾಲೇಜು ವಿದ್ಯಾರ್ಥಿಗಳು ಇಟ್ಟುಕೊಳ್ಳುವ ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ ಲೆಕ್ಕ ನೂರು ಅಂಕಿಗಳನ್ನು ದಾಟಿದರೆ ಸಾಮಾನ್ಯವಾಗಿ ದೋಷದ ಸೂಚನೆ ಬರುತ್ತದೆ. ಕಚೇರಿಗಳಲ್ಲಿ ಬಳಸುವ ಸ್ಪ್ರೆಡ್‌ಶೀಟ್ 15 ಅಂಕಿಗಳವರೆಗೆ ಮಾತ್ರ ನೆನಪಿಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಶಕುಂತಲಾ ದೇವಿಯವರು 28 ಸೆಕೆಂಡುಗಳಲ್ಲಿ ಮಾಡಿದ ಗುಣಾಕಾರವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 7686369774870 ಅನ್ನು 2465099745779 ರಿಂದ ಗುಣಿಸಿದರೆ ಬರುವುದು 18947668177995426462773730 ಎಂಬ 26 ಅಂಕಿಗಳ ಸಂಖ್ಯೆ. ಸ್ಪ್ರೆಡ್‌ಶೀಟ್ ಇದರ ಮೊದಲ 15 ಅಂಕಿಗಳನ್ನು ತೋರಿಸಿ ಸುಮ್ಮನಾಗುತ್ತದೆ. ಅಳತೆಯ ಲೆಕ್ಕಕ್ಕೆ ಅಷ್ಟು ಸಾಕಾಗಬಹುದು. ಸಂಖ್ಯೆಯ ಗುಣಗಳನ್ನು ಕೇಳುವವರಿಗೆ ಅದು ಏನೂ ಕೊಡಲಿಲ್ಲ ಎಂದೇ ಅರ್ಥ, ಏಕೆಂದರೆ 11ರಿಂದ ಭಾಗವಾಗುತ್ತದೆಯೇ, 7ರಿಂದ ಭಾಗಿಸಿದರೆ ಶೇಷವೆಷ್ಟು ಎಂಬ ಪ್ರಶ್ನೆಗಳಿಗೆ ಕೊನೆಯ ಅಂಕಿಯವರೆಗೂ ಎಲ್ಲವೂ ಬೇಕು. ಜಿಪಿ 26 ಅಂಕಿಗಳನ್ನೂ ಕೊಡುತ್ತದೆ. ಅದು 11ರಿಂದ ಭಾಗವಾಗುತ್ತದೆಂದೂ 7ರಿಂದ ಭಾಗಿಸಿದರೆ ಶೇಷ 4 ಎಂದೂ ಮರುಕ್ಷಣವೇ ಹೇಳುತ್ತದೆ.

ಇನ್ನು 201 ಅಂಕಿಗಳ ಸಂಖ್ಯೆಗೆ ಬರೋಣ. ಅದನ್ನು ಪೂರ್ತಿಯಾಗಿ ಟೈಪು ಮಾಡಬೇಕಾಗಿಲ್ಲ; 546372891ರ 23ನೆಯ ಘಾತ ಎಂದು ಬರೆದರೆ ಸಾಕು, 916748 ಎಂದು ಆರಂಭವಾಗಿ 771 ಎಂದು ಮುಗಿಯುವ ಸಂಖ್ಯೆ ಒಂದೇ ಒಂದು ಅಂಕಿಯೂ ತಪ್ಪದಂತೆ ಪರದೆಯ ಮೇಲೆ ಬಂದು ನಿಲ್ಲುತ್ತದೆ. ಈಗ ಎದುರು ದಿಕ್ಕಿನಿಂದ ಕೇಳಬಹುದು. ಈ ಸಂಖ್ಯೆ ಯಾವುದಾದರೂ ಸಂಖ್ಯೆಯ ಘಾತವೇ ಎಂದು ‘ಇಸ್‌ಪವರ್’ ಆದೇಶದಿಂದ ಕೇಳಿದರೆ 23 ಎಂಬ ಉತ್ತರ ಬರುತ್ತದೆ. 3 ಇದರಲ್ಲಿ ಎಷ್ಟು ಬಾರಿ ಅಡಗಿದೆ ಎಂದು ‘ವ್ಯಾಲ್ಯುಯೇಷನ್’ ಆದೇಶದಿಂದ ಕೇಳಿದರೆ 69 ಬಾರಿ ಎನ್ನುತ್ತದೆ. ‘ಫ್ಯಾಕ್ಟರ್’ ಎಂದು ಕೇಳಿದರೆ ಇಡೀ ಸಂಖ್ಯೆ ಎರಡು ಸಾಲುಗಳ ಪಟ್ಟಿಯಾಗಿ ಬಿಚ್ಚಿಕೊಳ್ಳುತ್ತದೆ: ಒಂದರಲ್ಲಿ 3 ಮತ್ತು ಅದರ ಘಾತಾಂಕ 69, ಇನ್ನೊಂದರಲ್ಲಿ 20236033 ಮತ್ತು ಅದರ ಘಾತಾಂಕ 23. ಅಂದರೆ 201 ಅಂಕಿಗಳ ಆ ಬೃಹತ್ ಸಂಖ್ಯೆ ಕೇವಲ ಎರಡು ಅವಿಭಾಜ್ಯಗಳಿಂದ ಕಟ್ಟಿದ್ದು, 3⁶⁹ × 20236033²³ ಎಂಬಷ್ಟರಲ್ಲಿ ಅದರ ಪೂರ್ಣ ಪರಿಚಯ ಮುಗಿಯುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಫಲಿತಾಂಶದಲ್ಲಿ ಕಾಗದದ ಮೇಲೆಯೇ ನೋಡಬಹುದಾದ ಸೊಗಸುಗಳಿವೆ. 546372891 ಎಂಬ ಮೂಲವನ್ನು ಗಮನಿಸಿದರೆ ಅದರಲ್ಲಿ 1ರಿಂದ 9ರವರೆಗಿನ ಪ್ರತಿಯೊಂದು ಅಂಕಿಯೂ ಒಂದೊಂದೇ ಬಾರಿ ಬಂದಿರುವುದು ಕಾಣುತ್ತದೆ. ಆದ್ದರಿಂದ ಅಂಕಿಗಳ ಮೊತ್ತ 45, ಸಂಖ್ಯೆ 9ರಿಂದ ಭಾಗವಾಗಲೇಬೇಕು. ಶಾಲೆಯಲ್ಲಿ ಕಲಿತ ನಿಯಮ ಇಲ್ಲಿಯವರೆಗೆ ಕೈಹಿಡಿಯುತ್ತದೆ. ಭಾಗಿಸಿದಾಗ ಬರುವ 60708099ರ ಅಂಕಿಗಳ ಮೊತ್ತ 39 ಆದ್ದರಿಂದ ಇನ್ನೊಂದು 3 ಕೂಡ ಸಿಗುತ್ತದೆ, ಉಳಿಯುವುದು 20236033. ಇದು ಅವಿಭಾಜ್ಯವೆಂದು ಕೈಯಿಂದ ತೋರಿಸಬೇಕಾದರೆ ಇದರ ವರ್ಗಮೂಲವಾದ ಸುಮಾರು 4498ರವರೆಗಿನ ಅವಿಭಾಜ್ಯಗಳೆಲ್ಲದರಿಂದ, ಅಂದರೆ ಹತ್ತಿರಹತ್ತಿರ ಆರುನೂರು ಸಂಖ್ಯೆಗಳಿಂದ, ಭಾಗಿಸಿ ನೋಡಬೇಕು. ಜಿಪಿ ಅದನ್ನು ನಮಗೆ ಗೊತ್ತಾಗದಷ್ಟು ಬೇಗ ಮುಗಿಸುತ್ತದೆ. ಮೂಲದಲ್ಲಿ 3ರ ಘಾತಾಂಕ 3, ಇನ್ನೊಂದರ ಘಾತಾಂಕ 1. ಎರಡನ್ನೂ 23ರಿಂದ ಗುಣಿಸಿದರೆ 69 ಮತ್ತು 23. ತಂತ್ರಾಂಶ ಕೊಟ್ಟ ಉತ್ತರವನ್ನು ಹೀಗೆ ಕೈಯಿಂದ ತಾಳೆ ನೋಡಲು ಸಾಧ್ಯವಾಗುವುದು ಕಲಿಯುವವರಿಗೆ ದೊಡ್ಡ ಅನುಕೂಲ.

ನನಗೆ ಹೆಚ್ಚು ಸಂತೋಷ ಕೊಟ್ಟ ಪ್ರಯೋಗ ಇದರ ಮುಂದಿನದು. ಉತ್ತರ ಪೂರ್ಣಾಂಕವೆಂದು ಮೊದಲೇ ಗೊತ್ತಿದ್ದರೆ, 23ನೆಯ ಮೂಲವನ್ನು ಹೇಳಲು 201 ಅಂಕಿಗಳಲ್ಲಿ ಎಷ್ಟು ಅಂಕಿಗಳು ನಿಜವಾಗಿ ಬೇಕು? ಮೊದಲ ಆರು ಅಂಕಿಗಳನ್ನು ಮಾತ್ರ ಇಟ್ಟುಕೊಂಡು ಉಳಿದ 195 ಸ್ಥಾನಗಳಿಗೆ ಸೊನ್ನೆ ತುಂಬಿದ ಸಂಖ್ಯೆಯೊಂದನ್ನು ಮಾಡೋಣ. ಅದೇ ರೀತಿ 916749ರ ಮುಂದೆ 195 ಸೊನ್ನೆಗಳನ್ನಿಟ್ಟ ಇನ್ನೊಂದನ್ನು ಮಾಡೋಣ. ನಮ್ಮ ಸಂಖ್ಯೆ ಇವೆರಡರ ನಡುವೆ ಇದೆ. ಇವೆರಡರ 23ನೆಯ ಮೂಲದ ಪೂರ್ಣಾಂಕ ಭಾಗವನ್ನು ಜಿಪಿಯಲ್ಲಿ ಕೇಳಿದರೆ 546372873 ಮತ್ತು 546372899 ಎಂದು ಬರುತ್ತದೆ. ಅಂದರೆ ಕೇವಲ ಆರು ಅಂಕಿಗಳಿಂದ ಉತ್ತರ 26 ಸಂಖ್ಯೆಗಳ ಒಂದು ಸಣ್ಣ ಸಾಲಿಗೆ ಇಳಿದಿದೆ. 23ನೆಯ ಮೂಲ ತೆಗೆಯುವಾಗ ಸಾಪೇಕ್ಷ ದೋಷ, ಅಂದರೆ ಸಂಖ್ಯೆಯ ಗಾತ್ರಕ್ಕೆ ಹೋಲಿಸಿದ ದೋಷ, 23ರಿಂದ ಭಾಗವಾಗಿ ಕುಗ್ಗುವುದೇ ಇದಕ್ಕೆ ಕಾರಣ.

ಇನ್ನು ಕೊನೆಯ ಅಂಕಿಗಳು. 10ಕ್ಕೆ ಸಾಮಾನ್ಯ ಅಪವರ್ತನವಿಲ್ಲದ ಯಾವುದೇ ಸಂಖ್ಯೆಯ 20ನೆಯ ಘಾತವನ್ನು 100ರಿಂದ ಭಾಗಿಸಿದರೆ ಶೇಷ 1 ಬರುತ್ತದೆ. ಆದ್ದರಿಂದ ಕೊನೆಯ ಎರಡು ಅಂಕಿಗಳ ಮಟ್ಟಿಗೆ 23ನೆಯ ಘಾತವೂ 3ನೆಯ ಘಾತವೂ ಒಂದೇ. 3ಕ್ಕೂ 20ಕ್ಕೂ ಸಾಮಾನ್ಯ ಅಪವರ್ತನವಿಲ್ಲವಾದ್ದರಿಂದ ಎರಡು ಬೇರೆ ಬೇರೆ ಅಂತ್ಯಗಳು ಒಂದೇ ಅಂತ್ಯವನ್ನು ಕೊಡಲಾರವು. 71ರಲ್ಲಿ ಮುಗಿಯುವ ಘನ ಬೇಕಾದರೆ ಮೂಲ 91ರಲ್ಲೇ ಮುಗಿಯಬೇಕು: 91ರ ಘನ 753571. ಮೇಲಿನ 26 ಸಂಖ್ಯೆಗಳಲ್ಲಿ 91ರಲ್ಲಿ ಮುಗಿಯುವುದು 546372891 ಒಂದೇ. ಹೀಗೆ ಮೊದಲಿನ ಆರು ಮತ್ತು ಕೊನೆಯ ಎರಡು, ಒಟ್ಟು ಎಂಟು ಅಂಕಿಗಳು ಉತ್ತರವನ್ನು ನಿರ್ಧರಿಸಿಬಿಡುತ್ತವೆ, ನಡುವಿನ 193 ಅಂಕಿಗಳನ್ನು ಓದದಿದ್ದರೂ ನಡೆಯುತ್ತದೆ. ಶಕುಂತಲಾ ದೇವಿಯವರು ಇದೇ ದಾರಿ ಹಿಡಿದರೆಂದು ನಾನು ಹೇಳುತ್ತಿಲ್ಲ, ಮತ್ತು ಇದರಿಂದ ಅವರ ಸಾಧನೆ ಒಂದಿಷ್ಟೂ ಕುಂದುವುದಿಲ್ಲ. ಆ ಆರು ಅಂಕಿಗಳಿಂದ ಮೂಲದ ಮೊದಲ ಏಳು ಅಂಕಿಗಳನ್ನು ಲಾಗ್ ಟೇಬಲ್ ಇಲ್ಲದೆ ಮನಸ್ಸಿನಲ್ಲೇ ಪಡೆಯುವುದು ಎಂಥ ಕೆಲಸವೆಂದು ಒಮ್ಮೆ ಕಾಗದ ಹಿಡಿದು ಕುಳಿತವರಿಗೆ ತಿಳಿಯುತ್ತದೆ. ಸಂಖ್ಯೆಯ ರಚನೆ ಎಲ್ಲಿ ನೆರವಾಗುತ್ತದೆ, ಮನುಷ್ಯನ ಶಕ್ತಿ ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆ ಮಾತ್ರ ಈ ಪ್ರಯೋಗದಿಂದ ಸ್ಪಷ್ಟವಾಗುತ್ತದೆ.

ಸಂಖ್ಯೆಯ ಗಾತ್ರ ಬೇರೆ, ಸ್ವಭಾವ ಬೇರೆ ಎಂಬುದನ್ನು ಇಷ್ಟು ನೇರವಾಗಿ ಕಾಣಿಸುವುದೇ ಈ ತಂತ್ರಾಂಶದ ನಿಜವಾದ ಬೆಲೆ. ನಮ್ಮ 201 ಅಂಕಿಗಳ ಸಂಖ್ಯೆಗೆ ಎಷ್ಟು ಭಾಜಕಗಳಿವೆ ಎಂದು ಕೇಳಿದರೆ 70 × 24, ಅಂದರೆ 1680 ಎಂದು ಬರುತ್ತದೆ. ಅದರ ಪಕ್ಕದಲ್ಲಿ 6746328388800 ಎಂಬ 13 ಅಂಕಿಗಳ ಸಂಖ್ಯೆಯನ್ನು ಇಟ್ಟು ಅದೇ ಪ್ರಶ್ನೆ ಕೇಳಿದರೆ ಉತ್ತರ 10080. ಶ್ರೀನಿವಾಸ ರಾಮಾನುಜನ್ 1915ರಲ್ಲಿ ಪ್ರಕಟಿಸಿದ, ತಮಗಿಂತ ಚಿಕ್ಕ ಸಂಖ್ಯೆಗಳೆಲ್ಲಕ್ಕಿಂತ ಹೆಚ್ಚು ಭಾಜಕಗಳುಳ್ಳ ಸಂಖ್ಯೆಗಳ ಪಟ್ಟಿಯಲ್ಲಿ ಕೊನೆಯದು ಇದು. ಇದನ್ನು ಅಪವರ್ತಿಸಿದರೆ 2⁶ × 3⁴ × 5² × 7² × 11 × 13 × 17 × 19 × 23 ಎಂದು, ಚಿಕ್ಕ ಅವಿಭಾಜ್ಯಗಳೆಲ್ಲ ಒತ್ತಾಗಿ ಸೇರಿರುವುದು ಕಾಣುತ್ತದೆ. 201 ಅಂಕಿಗಳ ದೈತ್ಯಕ್ಕಿಂತ 13 ಅಂಕಿಗಳ ಈ ಸಂಖ್ಯೆಗೆ ಆರು ಪಟ್ಟು ಭಾಜಕಗಳು ಎಂಬುದನ್ನು ಎರಡು ಸಾಲುಗಳಲ್ಲಿ ತೋರಿಸಿದರೆ ಪದವಿಪೂರ್ವ ತರಗತಿಯ ವಿದ್ಯಾರ್ಥಿಯೂ ಭಾಜಕಗಳ ಸೂತ್ರವನ್ನು ಮರೆಯಲಾರ.

ಇನ್ನೊಂದು ಕಡೆಯಿಂದ ನೋಡಿದರೆ ಇದೇ ಮಾತು ತಂತ್ರಾಂಶದ ಮಿತಿಯನ್ನೂ ಹೇಳುತ್ತದೆ. ಆರ್‌ಎಸ್‌ಎ-200 ಎಂಬ ಹೆಸರಿನ, 200 ಅಂಕಿಗಳ ಸಂಖ್ಯೆಯೊಂದಿದೆ. ತಲಾ 100 ಅಂಕಿಗಳ ಎರಡು ಅವಿಭಾಜ್ಯಗಳ ಗುಣಲಬ್ಧ. ನಮ್ಮ ಸಂಖ್ಯೆಗಿಂತ ಅದು ಒಂದು ಅಂಕಿ ಚಿಕ್ಕದು. ಆದರೂ ಅದನ್ನು ಜಿಪಿಗೆ ಕೊಟ್ಟು ‘ಫ್ಯಾಕ್ಟರ್’ ಎಂದರೆ ಉತ್ತರಕ್ಕಾಗಿ ಕಾಯುವುದರಲ್ಲಿ ಅರ್ಥವಿಲ್ಲ. 2005ರಲ್ಲಿ ಜರ್ಮನಿಯ ಸಂಶೋಧಕರ ತಂಡವೊಂದು ಬೇರೆಯದೇ ವಿಧಾನ ಮತ್ತು ಅನೇಕ ಕಂಪ್ಯೂಟರುಗಳ ದೀರ್ಘಕಾಲದ ದುಡಿಮೆಯಿಂದ ಅದನ್ನು ಒಡೆಯಿತು. ಜಿಪಿ ಸಣ್ಣ ಅವಿಭಾಜ್ಯಗಳಿಂದ ಭಾಗಿಸುವುದರಿಂದ ಆರಂಭಿಸಿ, ಸಂಖ್ಯೆ ಘಾತವೇ ಎಂದು ನೋಡಿ, ಪೊಲಾರ್ಡ್ ವಿಧಾನ, ಎಲಿಪ್ಟಿಕ್ ಕರ್ವ್ ವಿಧಾನ, ಕ್ವಾಡ್ರಾಟಿಕ್ ಸೀವ್ ಎಂಬ ಅಪವರ್ತನ ವಿಧಾನಗಳ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಮನೆಯ ಕಂಪ್ಯೂಟರಿನಲ್ಲಿ 60, 70 ಅಂಕಿಗಳ ಕಠಿಣ ಸಂಖ್ಯೆಗಳವರೆಗೆ ಇದನ್ನು ನಂಬಿಕೊಳ್ಳಬಹುದು. ಅದರಾಚೆಗೆ ತಾಳ್ಮೆ ಬೇಕು, ಇನ್ನೂ ಆಚೆಗೆ ಬೇರೆ ತಂತ್ರಾಂಶ ಬೇಕು.

ಆದರೆ ಆ ಮಿತಿಯ ಒಳಗಿರುವ ಇತಿಹಾಸವೇ ದೊಡ್ಡದು. ಫ್ರಾನ್ಸಿನ ವಿದ್ವಾಂಸ ಮರ್ಸೆನ್ 1644ರಲ್ಲಿ ಅವಿಭಾಜ್ಯವೆಂದು ಪಟ್ಟಿ ಮಾಡಿದವುಗಳಲ್ಲಿ 2⁶⁷ − 1, ಅಂದರೆ 147573952589676412927, ಕೂಡ ಒಂದು. ಅದು ಅವಿಭಾಜ್ಯವಲ್ಲವೆಂದು 1876ರಲ್ಲಿ ಗಣಿತಜ್ಞ ಲ್ಯೂಕಾ ತೋರಿಸಿದರೂ ಅದರ ಅಪವರ್ತನಗಳು ಯಾರಿಗೂ ಸಿಕ್ಕಿರಲಿಲ್ಲ. 1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಅಮೆರಿಕದ ಗಣಿತಜ್ಞ ಫ್ರಾಂಕ್ ನೆಲ್ಸನ್ ಕೋಲ್ ಅವು 193707721 ಮತ್ತು 761838257287 ಎಂದು ಪ್ರಕಟಿಸಿದರು. ಇಂದು ಜಿಪಿಯಲ್ಲಿ ಆ ಪ್ರಶ್ನೆ ಬರೆದು ಎಂಟರ್ ಒತ್ತಿದ ಕೂಡಲೇ ಎರಡೂ ಅಪವರ್ತನಗಳು ಎದುರಿಗೆ ಬರುತ್ತವೆ. ಗಣಿತದ ಇತಿಹಾಸ ಓದುವವರು ಪುಸ್ತಕದ ಪಕ್ಕದಲ್ಲಿ ಈ ತಂತ್ರಾಂಶವನ್ನು ತೆರೆದಿಟ್ಟುಕೊಳ್ಳಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುವುದು ಈ ಕಾರಣಕ್ಕೆ.

ಕೊರತೆಗಳಿಲ್ಲವೆಂದಲ್ಲ. ಹೊಸಬರು ಮೊದಲು ಎಡವುವುದು ಪೂರ್ಣಾಂಕಕ್ಕೂ ದಶಮಾಂಶ ಸಂಖ್ಯೆಗೂ ಇರುವ ವ್ಯತ್ಯಾಸದಲ್ಲಿ. 10ರ 200ನೆಯ ಘಾತವೆಂದು ಬರೆದರೆ ಅದು ನಿಖರವಾದ ಪೂರ್ಣಾಂಕ. ಅದನ್ನೇ ಕ್ಯಾಲ್ಕುಲೇಟರಿನ ಅಭ್ಯಾಸದಂತೆ 1ಇ200 ಎಂದು ಬರೆದರೆ ಜಿಪಿ ಅದನ್ನು ಅಂದಾಜಿನ ದಶಮಾಂಶ ಸಂಖ್ಯೆಯೆಂದು ಎಣಿಸುತ್ತದೆ, ಆಮೇಲೆ ಅಪವರ್ತನ ಕೇಳಿದರೆ ಒಪ್ಪುವುದಿಲ್ಲ. ಮೂಲ ತೆಗೆಯುವುದಕ್ಕೂ ಎರಡು ಆದೇಶಗಳಿವೆ. ಒಂದು ದಶಮಾಂಶ ಬಿಂದುವಿನ ಮುಂದೆ ಸೊನ್ನೆಗಳ ಸಾಲನ್ನು ಕೊಟ್ಟು ಉತ್ತರ ನಿಖರವೋ ಅಂದಾಜೋ ಎಂಬ ಸಂಶಯ ಉಳಿಸುತ್ತದೆ, ಇನ್ನೊಂದು ಪೂರ್ಣಾಂಕವನ್ನೇ ಕೊಡುತ್ತದೆ. ದೊಡ್ಡ ಲೆಕ್ಕದ ನಡುವೆ ಮೆಮೊರಿ ಸಾಲದೆ ಸ್ಟ್ಯಾಕ್ (ಲೆಕ್ಕಕ್ಕೆ ಮೀಸಲಾದ ಮೆಮೊರಿ) ತುಂಬಿತೆಂಬ ಸೂಚನೆ ಬಂದು ಕೆಲಸ ನಿಂತುಹೋಗುವುದೂ ಉಂಟು. ಮೆಮೊರಿಯ ಮಿತಿಯನ್ನು ಒಂದು ಸಾಲಿನ ಆದೇಶದಿಂದ ಹೆಚ್ಚಿಸಬಹುದು, ಆದರೆ ಹಾಗೆ ಮಾಡಬೇಕೆಂಬುದು ಹೊಸಬರಿಗೆ ತಾನಾಗಿ ಹೊಳೆಯುವ ವಿಷಯವಲ್ಲ.

ಸಹಾಯದ ಪುಟಗಳು ವಿಸ್ತಾರವಾಗಿವೆ, ನಿಖರವಾಗಿವೆ, ಮತ್ತು ಆರಂಭಿಕರಿಗೆ ಕಠಿಣವಾಗಿವೆ. ಸಂಶೋಧಕರು ಸಂಶೋಧಕರಿಗಾಗಿ ಬರೆದ ಇಂಗ್ಲಿಷ್ ಅದು. ಹೈಸ್ಕೂಲಿನ ಮಕ್ಕಳಿಗೆ ನೇರವಾಗಿ ಕೈಗಿಡಲಾಗದು. ಆದೇಶಗಳ ಹೆಸರುಗಳೆಲ್ಲ ಇಂಗ್ಲಿಷಿನ ಸಂಕ್ಷೇಪಗಳು. ಕನ್ನಡ ಮಾಧ್ಯಮದ ಶಿಕ್ಷಕರೊಬ್ಬರು ಹತ್ತು ಹನ್ನೆರಡು ಆದೇಶಗಳನ್ನು ಆಯ್ದು ಕನ್ನಡದಲ್ಲಿ ಒಂದೆರಡು ಪುಟದ ಕೈಪಿಡಿ ಬರೆದುಕೊಟ್ಟರೆ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗುತ್ತದೆ, ಏಕೆಂದರೆ ಸಂಖ್ಯೆಗಳ ಸಾಮಾನ್ಯ ಗುಣಗಳನ್ನು ನೋಡಲು ಅದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ.

ಅವಿಭಾಜ್ಯತೆಯ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ಬಳಕೆದಾರರು ತಿಳಿದಿರಲೇಬೇಕು. ಜಿಪಿಯಲ್ಲಿ ಎರಡು ಪರೀಕ್ಷೆಗಳಿವೆ. ಒಂದು ಅತಿ ವೇಗದ್ದು; 2⁶⁴ವರೆಗಿನ ಸಂಖ್ಯೆಗಳಲ್ಲಿ ಅದು ತಪ್ಪುವುದಿಲ್ಲವೆಂದು ಪರಿಶೀಲಿಸಲಾಗಿದೆ, ಅದರಾಚೆಗೂ ಅದು ತಪ್ಪಿದ ಒಂದೇ ಒಂದು ಉದಾಹರಣೆ ಈವರೆಗೆ ಸಿಕ್ಕಿಲ್ಲ, ಆದರೆ ಎಂದೂ ತಪ್ಪುವುದಿಲ್ಲ ಎಂಬುದಕ್ಕೆ ಗಣಿತದ ಸಾಧನೆ (ಪುರಾವೆ) ಇಲ್ಲ. ಇನ್ನೊಂದು ನಿಧಾನವಾದದ್ದು, ನಿಜವಾದ ಗಣಿತದ ಸಾಧನೆಯನ್ನು ಕೊಡುವಂಥದ್ದು. ‘ಫ್ಯಾಕ್ಟರ್’ ಆದೇಶ ದೊಡ್ಡ ಅಪವರ್ತನಗಳ ಮಟ್ಟಿಗೆ ವೇಗದ ಪರೀಕ್ಷೆಯನ್ನೇ ನೆಚ್ಚಿಕೊಳ್ಳುತ್ತದೆ. ಸಾಧನೆ ಬೇಕೆನ್ನುವವರು ಅದಕ್ಕಾಗಿ ಇರುವ ಆಯ್ಕೆಯನ್ನು ತಾವೇ ಬದಲಿಸಿಕೊಳ್ಳಬೇಕು. ಈ ವ್ಯತ್ಯಾಸವನ್ನು ತಯಾರಕರು ಮುಚ್ಚಿಟ್ಟಿಲ್ಲ, ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಈ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿದೆ. ನಮ್ಮ 20236033 ಆ ಗಡಿಗಿಂತ ಎಷ್ಟೋ ಕೆಳಗಿರುವುದರಿಂದ ಇಲ್ಲಿ ಯಾವ ಸಂಶಯಕ್ಕೂ ಎಡೆಯಿಲ್ಲ.

ಪಡೆಯುವ ಬಗೆಯನ್ನು ಚುಟುಕಾಗಿ ಹೇಳಬಹುದು. ತಂತ್ರಾಂಶ ಮುಕ್ತ ಪರವಾನಗಿಯಲ್ಲಿ ಉಚಿತವಾಗಿ ದೊರೆಯುತ್ತದೆ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಅನುಸ್ಥಾಪನೆ ಸರಳ. ಆಂಡ್ರಾಯ್ಡ್ ಮೊಬೈಲಿಗೆ ಪಾರಿಡ್ರಾಯ್ಡ್ ಎಂಬ ರೂಪವಿದೆ. ಏನನ್ನೂ ಅನುಸ್ಥಾಪಿಸದೆ ಬ್ರೌಸರಿನಲ್ಲೇ ನಡೆಸಿ ನೋಡುವ ವ್ಯವಸ್ಥೆಯೂ ಇದ್ದು, ಮೇಲಿನ ಶಕುಂತಲಾ ದೇವಿಯವರ ಸಂಖ್ಯೆಯ ಪ್ರಯೋಗಗಳಿಗೆ ಅಷ್ಟೇ ಸಾಕು.

ಹೆಚ್ಚು ಗಣಿತ ಬಲ್ಲವರಿಗೆ ಈ ತಂತ್ರಾಂಶ ಹೆಚ್ಚು ಕೊಡುತ್ತದೆ ಎಂಬುದಕ್ಕೆ ರಾಮಾನುಜನ್ ಅವರ ಪಟ್ಟಿಯೇ ಸಾಕ್ಷಿ. ಆ ಪಟ್ಟಿಯಲ್ಲಿ 293318625600 ಎಂಬ ಒಂದು ಸಂಖ್ಯೆ ಬಿಟ್ಟುಹೋಗಿದೆ. ಅದು ಪಟ್ಟಿಯ ಕೊನೆಯ ಸಂಖ್ಯೆಯನ್ನು 23ರಿಂದ ಭಾಗಿಸಿದಾಗ ಬರುವಂಥದ್ದು, ಅದಕ್ಕಿರುವ ಭಾಜಕಗಳು 5040. ಅದನ್ನು ಜಿಪಿಯಿಂದ ಹುಡುಕಿಸಬೇಕೆಂದರೆ 1ರಿಂದ ಆರಂಭಿಸಿ ಒಂದೊಂದೇ ಸಂಖ್ಯೆಯ ಭಾಜಕಗಳನ್ನು ಎಣಿಸುತ್ತಾ ಹೋಗುವುದು ವ್ಯರ್ಥ, 29 ಸಾವಿರ ಕೋಟಿಗೂ ಹೆಚ್ಚು ಸಂಖ್ಯೆಗಳನ್ನು ದಾಟಬೇಕಾಗುತ್ತದೆ. ಇಂಥ ಸಂಖ್ಯೆಗಳಲ್ಲಿ ಅವಿಭಾಜ್ಯಗಳು 2ರಿಂದ ಆರಂಭವಾಗಿ ನಡುವೆ ಒಂದೂ ಬಿಡದೆ ಬರಬೇಕು, ಅವುಗಳ ಘಾತಾಂಕಗಳು ಎಲ್ಲಿಯೂ ಏರಬಾರದು ಎಂಬ, ರಾಮಾನುಜನ್ ತಮ್ಮ ಲೇಖನದಲ್ಲಿ ಬಳಸಿದ ನಿಯಮವನ್ನು ಪ್ರೋಗ್ರಾಮಿನಲ್ಲಿ ಸೇರಿಸಿದರೆ ಪರಿಶೀಲಿಸಬೇಕಾದ ಸಂಖ್ಯೆಗಳು ಕೈಗೆಟುಕುವಷ್ಟು ಕಡಿಮೆಯಾಗುತ್ತವೆ. ಹತ್ತು ಹದಿನೈದು ಸಾಲುಗಳ ಅಂಥ ಪ್ರೋಗ್ರಾಮನ್ನು ಜಿಪಿಯಲ್ಲಿ ಬರೆದು ನಡೆಸಿದರೆ, ಬಿಟ್ಟುಹೋದ ಸಂಖ್ಯೆ ತನ್ನ ಸ್ಥಾನದಲ್ಲಿ ಸೇರಿಕೊಂಡ ಪೂರ್ಣ ಪಟ್ಟಿ ಪರದೆಯ ಮೇಲೆ ಮೂಡುತ್ತದೆ.